ನಲವತ್ತು ಎಣಿಸುವ ಸಾಲು

ನನ್ನ ತಮ್ಮ ಪದ್ಮನಾಭ ಮನೆ ಬಿಟ್ಟು ಹೊರಟ ದಿನ ನಮ್ಮ ಸರ್ವರ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಅವನೇನೂ ಜಗಳವಾಡಿ ಹೋದವನಲ್ಲ. ಮದುವೆಯಾಗಿ, ಹೆಂಡತಿಯ ಊರಿನಲ್ಲೇ ಕೆಲಸ ಸಿಕ್ಕಿ, ಸೇತುವೆಯಾಚೆ ಸಂಸಾರ ಹೂಡಲು ಹೊರಟಿದ್ದ. ಗಿರಣಿ ಬೀದಿಯ ಅರ್ಧ ಜನ ಅವನನ್ನು ಕಳಿಸಿಕೊಡಲು ಬಂದಿದ್ದರು. ಇನ್ನರ್ಧ ಜನ ನಮ್ಮ ನಡುಮನೆಯ ಕಪಾಟಿನಲ್ಲಿದ್ದ ಪೆಟ್ಟಿಗೆಯ ಹಸಿರು ದೀಪ ಆರುವುದನ್ನು ನೋಡಲು ಬಂದಿದ್ದರು. ಪದ್ದು ಗೇಟು ದಾಟಿದ. ಎಲ್ಲರೂ ಕಿಟಕಿಯಿಂದ ಒಳಗೆ ಇಣುಕಿದರು. ದೀಪ ಉರಿಯುತ್ತಲೇ ಇತ್ತು.

"ಅಣ್ಣನಿಗೂ ಗೊತ್ತಿದೆ ಅನ್ನಿ," ಎಂದರು ಎದುರುಮನೆಯ ಗಿರಣಿ ಪುಟ್ಟಸ್ವಾಮಪ್ಪ. ಅವರ ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ನಾನು ಕನ್ನಡಕ ಒರೆಸಿಕೊಂಡು, "ಏನೋ, ಅಲ್ಪಸ್ವಲ್ಪ," ಎಂದೆ.

ನಮ್ಮ ಊರಿನಲ್ಲಿ ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆಂದು ಬಲ್ಲವರು ಯಾರಾದರೂ ಮನೆಯೊಳಗೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬಳಸಲು ಬಂದರೆ ಸಾಲದು, ಅರ್ಥವಾಗಿರಬೇಕು. ಬಲ್ಲವರು ಗೇಟು ದಾಟಿದರೆ ನಿಲ್ಲುತ್ತದೆ, ಮರಳಿದರೆ ತಾನೇ ಏಳುತ್ತದೆ. ಪುಟ್ಟಸ್ವಾಮಪ್ಪನವರ ತಂದೆ ತೀರಿಕೊಂಡಾಗ ಹಿಟ್ಟಿನ ಗಿರಣಿ ಒಂಬತ್ತು ದಿನ ನಿಂತಿತ್ತು. ಹತ್ತನೆಯ ದಿನ ಪುಟ್ಟಸ್ವಾಮಪ್ಪನವರ ಸೊಸೆ ಬೆಲ್ಟನ್ನೂ ಕಲ್ಲುಗಳನ್ನೂ ಬಿಚ್ಚಿ ಜೋಡಿಸಿ ಅರ್ಥ ಮಾಡಿಕೊಂಡಳು, ಗಿರಣಿ ಓಡಿತು. ಹೆಣ್ಣು ನೋಡಲು ಬಂದವರು ಇಲ್ಲಿ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು ಫ್ರಿಜ್ ಗೊತ್ತೇ ಎಂದು ಕೇಳುತ್ತಾರೆ. ನನ್ನ ಹೆಂಡತಿ ಕುಮುದಳಿಗೆ ಮದುವೆಗೆ ಮೊದಲೇ ಫ್ರಿಜ್, ಫೋನ್, ನೀರಿನ ಪಂಪು ಮೂರೂ ಗೊತ್ತಿದ್ದವು. ಈಗಲೂ ಅವಳು ಪೇಟೆಗೆ ಹೋದರೆ ನಮ್ಮ ಫೋನ್ ಮೂಕವಾಗುತ್ತದೆ. ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ಮೂರರವರೆಗೆ ಕೆಲಸ ಮಾಡುವವನು. ಮನೆಯಲ್ಲಿ ನನ್ನ ಪಾಲಿಗಿದ್ದದ್ದು ಗೋಡೆ ಗಡಿಯಾರ ಮತ್ತು ಇಸ್ತ್ರಿಪೆಟ್ಟಿಗೆ.

ಹೀಗಾಗಿ ಕಂಪ್ಯೂಟರ್ ವಿಷಯದಲ್ಲಿ ನಮಗೆ ಹೆಚ್ಚು ಆಯ್ಕೆ ಇರಲಿಲ್ಲ. ಒಳಗಿನ ಬರಹವನ್ನು ಕೊಂಡವರಿಗೂ ತೋರಿಸದ ಯಂತ್ರಗಳನ್ನು ಮಾರಲು ಹಿಂದೆ ಕೆಲವರು ಸೇತುವೆ ದಾಟಿ ಬಂದಿದ್ದರಂತೆ. ಆಚೆ ದಡದಲ್ಲಿ ಚೆನ್ನಾಗಿ ಓಡುತ್ತಿದ್ದದ್ದು ಈಚೆ ದಡದಲ್ಲಿ ಕಣ್ಣೇ ಬಿಡಲಿಲ್ಲ. ಅವರು ಟೀ ಕುಡಿದು ಹೋದರು. ಯಾರು ಬೇಕಾದರೂ ಓದಬಹುದಾದ ಲಿನಕ್ಸ್ ಮಾತ್ರ ಇಲ್ಲಿ ಓಡಿತು. ಅದರ ಲಕ್ಷಾಂತರ ಸಾಲುಗಳನ್ನು ಪೂರ್ತಿ ಓದಿದವರು ನಮ್ಮೂರಿನಲ್ಲಿ ಯಾರೂ ಇಲ್ಲ. ಎಷ್ಟು ತಿಳಿದರೆ ಸಾಕು ಎಂದು ಯಾರೂ ಅಳೆದೂ ಇಲ್ಲ. ನಮ್ಮ ಮನೆಯಲ್ಲಿ ನಮ್ಮ ಕೈಯಾರೆ ಜೋಡಿಸಿದ್ದು ಯಾಕೆ ಹಾಗಿದೆ ಎಂಬುದು ಗೊತ್ತಿದ್ದರೆ ಅದು ಒಪ್ಪಿಕೊಳ್ಳುತ್ತದೆ, ಅಷ್ಟು ಬಲ್ಲೆವು.

ಪದ್ದು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದನ್ನೇ ಮನೆಯ ಸರ್ವರ್ ಮಾಡಿದ್ದ. ಅದರಲ್ಲಿ ನಮ್ಮ ಫೋಟೋಗಳಿದ್ದವು, ಮನೆಮಂದಿಯೆಲ್ಲ ಬರೆಯುವ ಒಂದು ಕ್ಯಾಲೆಂಡರ್ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಅನಸೂಯಮ್ಮನವರ ನೂರ ಅರವತ್ತಮೂರು ಪಾಠಗಳಿದ್ದವು. ಅನಸೂಯಮ್ಮ ಕುಮುದಳ ಸಂಗೀತದ ಗುರು. ಆರು ವರ್ಷದ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿ ಹೋಯಿತು. ಅದಕ್ಕೆ ಮೊದಲು ಪದ್ದು ಅವರ ಪಾಠಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿ ಇಟ್ಟಿದ್ದ. ಪ್ರತಿ ಗುರುವಾರ ಮೂರೂವರೆಗೆ ಅವರು ಸ್ಲೇಟು ಹಿಡಿದು ಬರುತ್ತಾರೆ. ಸರ್ವರ್ ಅವರ ದನಿಯಲ್ಲಿ ಪಾಠ ಹೇಳುತ್ತದೆ, ಅವರು ತೊಡೆಯ ಮೇಲೆ ತಾಳ ಹಾಕುತ್ತಾರೆ, ಕುಮುದ ಹಾಡುತ್ತಾಳೆ, ತಪ್ಪಿದರೆ ಸ್ಲೇಟಿನ ಮೇಲೆ ಬರೆಯುತ್ತಾರೆ. ಒಮ್ಮೊಮ್ಮೆ ರೆಕಾರ್ಡಿನ ಕಡೆ ಬೆರಳು ತೋರಿಸಿ "ಇಲ್ಲಿ ತಪ್ಪಿದ್ದು ನಾನೇ" ಎಂದು ಬರೆದು ಭುಜ ಕುಲುಕಿಸಿ ನಗುತ್ತಾರೆ. ಪಾಠಗಳ ಇನ್ನೊಂದು ಪ್ರತಿ ಪದ್ದುವಿನ ಹೊಸ ಮನೆಯಲ್ಲಿದೆ. ಆದರೆ ಅವರ ಮಂಡಿಗೆ ಗುರುವಾರ ಗುರುವಾರ ಸೇತುವೆ ದಾಟಿ ಹೋಗುವ ಶಕ್ತಿಯಿಲ್ಲ. ಆ ದನಿ ಈ ಊರಿನಲ್ಲಿ ಉಳಿಯಬೇಕಾದರೆ ನಮ್ಮ ನಡುಮನೆಯಲ್ಲೇ ಉಳಿಯಬೇಕು.

ಪದ್ದು ಹೋದ ಮೇಲೆ ಆ ಪೆಟ್ಟಿಗೆ ನನ್ನದಾಯಿತು. ಕಮಾಂಡುಗಳನ್ನು ಕಂಠಪಾಠ ಮಾಡಿಕೊಂಡೆ. ನಮ್ಮೂರಿನಲ್ಲಿ ದಸರಾ ಕಳೆದ ಭಾನುವಾರ 'ಬಿಚ್ಚುವ ದಿನ' ಬರುತ್ತದೆ. ಅಂದು ಪ್ರತಿ ಮನೆಯವರೂ ಒಂದು ವಸ್ತುವನ್ನು ಜಗಲಿಗೆ ತಂದು, ಬಿಚ್ಚಿ, ಬಂದವರಿಗೆ ವಿವರಿಸಬೇಕು. ಆ ವರ್ಷ ನಾನು ಸರ್ವರನ್ನು ಹೊರತಂದು ನಲವತ್ತೈದು ನಿಮಿಷ ಮಾತಾಡಿದೆ. ಪುಟ್ಟಸ್ವಾಮಪ್ಪ ಎರಡು ಸಲ ಆಕಳಿಸಿದರು. ನಾನು ಅದನ್ನು ವಿಷಯದ ಆಳವೆಂದು ತಿಳಿದೆ.

ಆಮೇಲೆ ಒಂದು ಮಂಗಳವಾರ ಸಂಜೆ ಸರ್ವರ್ ನಿಂತಿತು. ಎರಡು ಗಂಟೆ ಬಿಟ್ಟು ತಾನೇ ಎದ್ದಿತು. ಮುಂದಿನ ವಾರವೂ ಹಾಗೇ. ನಾನು ಒಂದು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ: ನಿಂತ ಸಮಯ, ಎದ್ದ ಸಮಯ, ವೋಲ್ಟೇಜು, ಕೋಣೆಯ ಉಷ್ಣಾಂಶ, ಗಾಳಿಯ ತೇವ. ಪೆಟ್ಟಿಗೆಯ ಫ್ಯಾನಿನ ಧೂಳು ಒರೆಸಿದೆ. ವೈರು ಬದಲಿಸಿದೆ. ಏಳು ವಾರದ ಅಂಕಿಗಳನ್ನು ಗ್ರಾಫಿಗೆ ಇಳಿಸಿ ಊಟದ ಮೇಜಿನ ಮೇಲೆ ಹರಡಿದೆ. ಕುಮುದ ಸಾರು ಬಡಿಸಲು ಬಂದವಳು ಸೌಟು ಹಿಡಿದೇ ನಿಂತಳು.

"ಇದೇನ್ರೀ, ಪ್ರತಿ ಮಂಗಳವಾರ ನಾಲ್ಕರಿಂದ ಆರು?"

"ಹೂಂ. ವೋಲ್ಟೇಜಿಗೂ ಇದಕ್ಕೂ ಸಂಬಂಧವೇ ಕಾಣಿಸ್ತಿಲ್ಲ."

"ಏಳೆಂಟು ವಾರದಿಂದ ಮಂಗಳವಾರ ನಾಲ್ಕರಿಂದ ಆರು ಅತ್ತೆ ಭಜನೆಗೆ ಹೋಗ್ತಿದಾರಲ್ಲ?"

ನಾನು ಗ್ರಾಫನ್ನು ನೋಡಿದೆ. ಕೋಷ್ಟಕದಲ್ಲಿ ಐದು ಕಾಲಂ ಇದ್ದವು. ಮನೆಯಲ್ಲಿ ಯಾರಿದ್ದರು ಎಂಬ ಕಾಲಂ ಇರಲಿಲ್ಲ. ಬೇರೆ ಊರಿನವನಾದರೆ ಕ್ಷಮಿಸಬಹುದು. ಈ ಊರಿನಲ್ಲಿ ಹುಟ್ಟಿ ಬೆಳೆದವನು ಮೊದಲು ಹಾಕಬೇಕಾದ ಕಾಲಂ ಅದು. ಬಲ್ಲವನು ನಾನೇ ಎಂಬ ಖಾತ್ರಿಯಲ್ಲಿ ಅದನ್ನು ಬಿಟ್ಟಿದ್ದೆ. ನಾನು ಲ್ಯಾಬಿನಲ್ಲಿರುವ ಹೊತ್ತಿನಲ್ಲೂ ಅದು ಹೇಗೆ ಓಡುತ್ತಿತ್ತೆಂದು ಕೇಳಿಕೊಂಡೂ ಇರಲಿಲ್ಲ.

ಯಮುನತ್ತೆ ನನ್ನ ತಂದೆಯ ತಂಗಿ. ಹದಿನೆಂಟು ವರ್ಷದಿಂದ ನಮ್ಮ ಜೊತೆಯಲ್ಲೇ ಇದ್ದವರು. ಅವರು ಹಿತ್ತಿಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು.

"ಅತ್ತೆ, ನಿಮಗೆ ಆ ಸರ್ವರ್ ಗೊತ್ತಾ?"

"ನನಗೇನಪ್ಪಾ ಗೊತ್ತು. ಮುಟ್ಟೇ ಇಲ್ಲ ನಾನು ಅದನ್ನ."

"ಪದ್ದು ಏನಾದ್ರೂ ಹೇಳಿದ್ನಾ?"

"ಹೇಳೋದೇನು, ಬಡ್ಕೋತಾ ಇದ್ದ. ಏನೋ ಕೆಟ್ಟುಹೋದ್ರೆ ಬಂದು ಇಲ್ಲೇ ಕೂತ್ಕೊಂಡು ಮೊದಲಿಂದ ಕೊನೇವರೆಗೂ ಹೇಳೋನು. ನಾನು ಕಾಳು ಹಿತುಕ್ತಾ ಯಾಕೆ ಅನ್ನೋಳು. ಅವನು ಹೇಳೋನು. ಅದ್ಯಾಕೆ ಅನ್ನೋಳು. ಹೇಳ್ತಾ ಹೇಳ್ತಾ ಅವನಿಗೇ ತಪ್ಪು ಹೊಳೆಯೋದು, ಎದ್ದು ಓಡೋನು. ನನ್ನ ಮಾತು ಅರ್ಧದಲ್ಲೇ ನಿಲ್ಲೋದು."

ಪದ್ದುವಿಗೆ ಫೋನ್ ಮಾಡಿದೆ. ಅವನು ಬಿದ್ದು ಬಿದ್ದು ನಕ್ಕ. "ಅಣ್ಣಾ, ನಿನಗೂ ಹೇಳೋಕೆ ಎಷ್ಟು ಸಲ ಬಂದಿಲ್ಲ? ನೀನು ಮೊದಲ ವಾಕ್ಯಕ್ಕೇ ಗೊತ್ತು ಗೊತ್ತು ಅಂತಿದ್ದೆ. ನನಗೆ ಈಗ ಅರ್ಧ ಮರೆತೇ ಹೋಗಿದೆ. ಅತ್ತೇನ ಕೇಳು."

ಕೇಳಲು ಹೆಚ್ಚು ದಿನ ಇರಲಿಲ್ಲ. ಅತ್ತೆಯ ಮಗಳು ವನಜ ದೂರದ ಊರಿನಲ್ಲಿದ್ದಾಳೆ. ಅವಳಿಗೆ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹೆಣ್ಣು ಮಗು ಹುಟ್ಟಿತ್ತು. ಮಗುವಿನ ಜೊತೆ ಇರಲು ಅತ್ತೆ ಹೊರಟಿದ್ದರು. ಬಸ್ಸಿನ ಟಿಕೆಟ್ ಬಂದಿತ್ತು, ಟ್ರಂಕು ಕೋಣೆಯ ಬಾಗಿಲಿಗೆ ಬಂದಿತ್ತು, ಅದರಲ್ಲಿ ಹೊಲಿದು ಮಡಿಸಿದ ನಾಲ್ಕು ಕುಲಾವಿ ಇದ್ದವು. ಹೊರಡಲು ಹನ್ನೆರಡು ದಿನ ಬಾಕಿ.

ವಿಷಯ ತಿಳಿದು ಅತ್ತೆ ಅಂದೇ ಸಂಜೆ ನನ್ನ ಬಳಿ ಬಂದರು. "ಶೇಷು, ಅನಸೂಯನ ದನಿ ನನ್ನಿಂದ ನಿಂತುಹೋಗೋದು ಬೇಡ. ವನಜಂಗೆ ಬರೀತೀನಿ, ಬೇಸಿಗೆಗೆ ಬರ್ತೀನಿ ಅಂತ." ಹೇಳುವಾಗ ಅವರ ಕಣ್ಣು ಟ್ರಂಕಿನ ಕಡೆಗಿತ್ತು. ಬೇಸಿಗೆಯ ಹೊತ್ತಿಗೆ ಆ ಕುಲಾವಿಗಳು ಮಗುವಿಗೆ ಚಿಕ್ಕವಾಗುತ್ತವೆ ಎಂದು ನನಗೂ ಗೊತ್ತಿತ್ತು.

"ನೀವು ಹೋಗಿ ಅತ್ತೆ. ಹನ್ನೆರಡು ದಿನದಲ್ಲಿ ನಾನು ಕಲೀತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಾ ಹಾಗಾದ್ರೆ. ಕೂತ್ಕೋ. ಕಾಳು ಹಿತುಕು. ಕೈಗೆ ಕೆಲಸ ಇಲ್ದೆ ಹೋದ್ರೆ ನಿನ್ನ ಬಾಯಿ ಗೊತ್ತು ಅನ್ನತ್ತೆ."

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಹಿತ್ತಿಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಲಿನಕ್ಸ್ ಕಲಿಯಲು ಕೂತೆ. ಅತ್ತೆಗೆ ಒಂದು ಇಂಗ್ಲಿಷ್ ಶಬ್ದವೂ ನೆಟ್ಟಗೆ ಬರುತ್ತಿರಲಿಲ್ಲ, ಆದರೆ ಯಾವುದೂ ಬಿಟ್ಟುಹೋಗಿರಲಿಲ್ಲ. ಒಳಗೆ ಒಬ್ಬ ಯಜಮಾನ ಇದ್ದಾನೆ, ಅವನು ತಾನು ಅಡುಗೆ ಮಾಡುವುದಿಲ್ಲ, ಒಲೆ ಈಗ ಯಾರಿಗೆ, ಎಷ್ಟು ಹೊತ್ತು ಎಂದು ಮಾತ್ರ ಹೇಳುತ್ತಾನೆ. ಫೋಟೋ ನೋಡಿಕೊಳ್ಳುವವನಿಗೂ ಕ್ಯಾಲೆಂಡರ್ ನೋಡಿಕೊಳ್ಳುವವನಿಗೂ ಬೇರೆ ಬೇರೆ ಡಬ್ಬಿ, ಒಬ್ಬನ ಡಬ್ಬಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಬೀದಿ ಬಾಗಿಲು ಒಂದೇ, ಅಲ್ಲಿ ನಿಂತವನು ಬಂದವರನ್ನು ಕೇಳಿ ಅವರವರ ಕೋಣೆಗೆ ಕಳಿಸುತ್ತಾನೆ.

"ಯಾಕೆ ಒಂದೇ ಬಾಗಿಲು?" ಅತ್ತೆ ಕೇಳಿದರು.

"ಸುರಕ್ಷತೆಗೆ."

"ಅದು ಪುಸ್ತಕದ ಮಾತು. ಯಾಕೆ ಅಂದೆ."

ನಾನು ಎರಡು ಹಿಡಿ ಕಾಳು ಹಿತುಕುವಷ್ಟು ಹೊತ್ತು ಯೋಚಿಸಿದೆ. "ಮೂರು ಬಾಗಿಲಿದ್ರೆ ಮೂರು ಚಿಲಕ ಹಾಕ್ಬೇಕು. ಒಂದನ್ನ ಮರೀತೀವಿ."

"ಹಾಂ," ಎಂದರು ಅತ್ತೆ, ಮೊದಲ ಬಾರಿಗೆ. ಆ ಒಂದು 'ಹಾಂ' ನನಗೆ ಬಿ.ಎಸ್ಸಿ. ಮೊದಲ ದರ್ಜೆಗಿಂತ ಹೆಚ್ಚಿನ ಸುಖ ಕೊಟ್ಟಿತು.

ಪ್ರತಿದಿನ ಸಂಜೆ ಪರೀಕ್ಷೆ ನಡೆಯುತ್ತಿತ್ತು. ಅತ್ತೆ ಗೇಟು ದಾಟಿ ಬೀದಿಯ ತಿರುವಿನ ಹೊಂಗೆ ಮರದ ಕಟ್ಟೆಯ ಮೇಲೆ ಹೋಗಿ ಕೂರುವರು. ನಾನು ಒಳಗೆ ದೀಪದ ಮುಂದೆ ಕೂರುವೆನು. ಮೊದಲೆರಡು ದಿನ ಎಲ್ಲ ಆರಿತು. ಮೂರನೆಯ ದಿನ ದೀಪ ಆರಲಿಲ್ಲ, ಫೋಟೋಗಳು ಉಳಿದವು. ಆರನೆಯ ದಿನ ಕ್ಯಾಲೆಂಡರ್ ಉಳಿಯಿತು. ಬೀದಿಯವರಿಗೆ ಇದೊಂದು ಆಟವಾಯಿತು. "ಇವತ್ತು ಎಷ್ಟು ಉಳೀತು ಮೇಷ್ಟ್ರೇ?" ಎಂದು ಪುಟ್ಟಸ್ವಾಮಪ್ಪ ಗಿರಣಿಯೊಳಗಿಂದ ಕೂಗುವರು. ನಾನು ಮೇಷ್ಟ್ರಲ್ಲ. ಬಿಚ್ಚುವ ದಿನದ ಆ ಭಾಷಣದ ನಂತರ ಅವರು ಇಟ್ಟ ಹೆಸರು ಅದು.

ಆದರೆ ಪಾಠಗಳು ಮಾತ್ರ ಉಳಿಯಲಿಲ್ಲ. ಏಳನೆಯ ದಿನವೂ ಇಲ್ಲ, ಒಂಬತ್ತನೆಯ ದಿನವೂ ಇಲ್ಲ. ಅತ್ತೆ ಕಟ್ಟೆಯಲ್ಲಿ ಕೂತ ತಕ್ಷಣ ಪರದೆಯ ಮೇಲೆ ನೂರ ಅರವತ್ತಮೂರು ಹೆಸರುಗಳೂ ಮಾಯವಾಗುವವು. ಹತ್ತನೆಯ ದಿನ ಅತ್ತೆ ಟಿಕೆಟನ್ನು ಕೈಯಲ್ಲಿ ಹಿಡಿದು, "ವಾಪಸ್ ಮಾಡಿಬಿಡೋಣ್ವಾ?" ಎಂದರು.

"ತಾಳಿ," ಎಂದೆ. ಪಾಠಗಳಿಗೆ ಸಂಬಂಧಪಟ್ಟಂತೆ ಪದ್ದು ಬರೆದ ಸಾಲುಗಳು ಒಟ್ಟು ಹನ್ನೊಂದು. ಕಾಗದದ ಮೇಲೆ ಬರೆದುಕೊಂಡು ಬಂದು ಒಂದೊಂದಾಗಿ ಒಪ್ಪಿಸಿದೆ. ನಾಲ್ಕನೆಯ ಸಾಲು ಬಂತು. ಯಂತ್ರ ಎದ್ದ ಮೇಲೆ ನಲವತ್ತು ಸೆಕೆಂಡು ಸುಮ್ಮನಿರು ಎಂದು ಹೇಳುವ ಸಾಲು. "ಇದು ಬೇಕಿಲ್ಲದ್ದು, ಪದ್ದು ಯಾವುದೋ ಪರೀಕ್ಷೆಗೆ ಹಾಕಿ ತೆಗೆಯೋಕೆ ಮರೆತಿದ್ದಾನೆ," ಎಂದು ಐದನೆಯದಕ್ಕೆ ಹೋದೆ.

ಅತ್ತೆಯ ಕೈ ನಿಂತಿತು. "ಬೇಕಿಲ್ಲದ್ದಾ?"

"ನಲವತ್ತು ಸೆಕೆಂಡು ದಂಡ ಅತ್ತೆ. ಯಾವ ಕೆಲಸಾನೂ ಮಾಡಲ್ಲ ಅದು."

"ಅಯ್ಯೋ ಮಂಕೇ. ಅದೇ ಕಣೋ ಮುಖ್ಯವಾದ್ದು. ಪಾಠ ಇರೋದು ಆ ಹಳೇ ಡಿಸ್ಕಲ್ಲಿ. ಅದಕ್ಕೆ ವಯಸ್ಸಾಗಿದೆ, ಎದ್ದು ಮುಖ ತೊಳ್ಕೊಳೋಕೆ ಹೊತ್ತು ಬೇಕು. ಅಷ್ಟರೊಳಗೆ ಹೋಗಿ ಬಾಗಿಲು ತಟ್ಟಿದ್ರೆ ಯಾರೂ ಓ ಅನ್ನಲ್ಲ. ಆಗ ಈ ಯಂತ್ರ ಇದು ಖಾಲಿ ಮನೆ ಅಂತ ಬರ್ಕೊಂಡ್ಬಿಡತ್ತೆ. ಆಮೇಲೆ ಡಿಸ್ಕು ಎದ್ದು ಬಂದು ನಾನಿದೀನಿ ಅಂದ್ರೂ ಕೇಳಲ್ಲ. ಪದ್ದು ಮೂರು ದಿನ ತಲೆ ಚಚ್ಕೊಂಡ ಇದಕ್ಕೆ. ಮುದುಕರು ಏಳೋವರೆಗೂ ಸ್ವಲ್ಪ ತಾಳು ಅಂತ ಹೇಳ್ಬಾರ್ದೇನೋ ಅದಕ್ಕೆ ಅಂದೆ ನಾನು."

ನಾನು ಹೂಂ ಅಂದೆ. ಆದರೆ ನಂಬಲಿಲ್ಲ. ಯಾರೋ ಹೇಳಿದ್ದನ್ನು ಒಪ್ಪಿಕೊಳ್ಳುವುದೂ ಅರ್ಥವಾಗುವುದೂ ಒಂದೇ ಅಲ್ಲ. ಅಂದು ಸಂಜೆಯೂ ಪಾಠಗಳು ಉಳಿಯಲಿಲ್ಲ.

ಮರುದಿನ ಲ್ಯಾಬಿನಿಂದ ಸ್ಟಾಪ್‌ವಾಚ್ ತಂದೆ. ಕುಮುದಳಿಗೆ ಕೊಡಲು ಸ್ವರದ ಪುಸ್ತಕವೊಂದನ್ನು ತಂದಿದ್ದ ಅನಸೂಯಮ್ಮನೂ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ಅವರಿಗೂ ಮುದಿ ಡಿಸ್ಕಿನ ನಲವತ್ತರ ಕಥೆ ಹೇಳುತ್ತಿದ್ದರು. ಯಂತ್ರವನ್ನು ಆರಿಸಿ, ಹಚ್ಚಿ, ಡಿಸ್ಕಿನ ಮೇಲೆ ಬೆರಳಿಟ್ಟು, ಅದರ ಗುಂಯ್‌ಗುಡುವಿಕೆ ಸಮವಾಗುವವರೆಗೆ ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸಿದೆ. ಮೂವತ್ತನಾಲ್ಕು. ಮತ್ತೆ ಆರಿಸಿದೆ. ಮೂವತ್ತಾರು. ಹನ್ನೆರಡು ಸಲ ಮಾಡಿದೆ. ಕುಮುದ ಪಡಸಾಲೆಯಿಂದ ಇಣುಕಿ, "ಪಾಪ ಅದನ್ನ ಎಷ್ಟು ಸಲ ಎಬ್ಬಿಸ್ತೀರಿ?" ಎಂದಳು. ಅನಸೂಯಮ್ಮ ನನ್ನ ಎಣಿಕೆಗೆ ತೊಡೆಯ ಮೇಲೆ ಸುಮ್ಮನೆ ತಾಳ ಹಾಕುತ್ತಿದ್ದರು. ನಾನು ಎಣಿಸಿದರೆ ಅವರಿಗೆ ಲಯ ತಪ್ಪಿದಂತೆ ಅನಿಸುತ್ತಿತ್ತೋ ಏನೋ, ಹುಬ್ಬು ಗಂಟಿಕ್ಕಿದ್ದರು. ಅತಿ ಕಡಿಮೆ ಮೂವತ್ತನಾಲ್ಕು, ಅತಿ ಹೆಚ್ಚು ಮೂವತ್ತೆಂಟು. ಪದ್ದು ಎರಡು ಸೆಕೆಂಡು ಹೆಚ್ಚಿಗೆ ಸೇರಿಸಿ ನಲವತ್ತು ಎಂದು ಬರೆದಿದ್ದ. ಬೆರಳ ತುದಿಯಲ್ಲಿ ಆ ಮುದಿ ಡಿಸ್ಕು ನಿಧಾನವಾಗಿ ವೇಗ ಹಿಡಿಯುವುದನ್ನು ಹನ್ನೆರಡು ಸಲ ಮುಟ್ಟಿ ತಿಳಿದ ಮೇಲೆ, ಆ ಸಾಲು ನನಗೆ ಬೇರೆಯಾಗಿಯೇ ಕಾಣಿಸಿತು. ಏನೂ ಮಾಡದಿರುವುದೇ ಅದರ ಕೆಲಸ.

ಅತ್ತೆ ಹೊಂಗೆ ಮರದ ಕಟ್ಟೆಗೆ ಹೋಗಿ ಕೂತರು. ನೂರ ಅರವತ್ತಮೂರೂ ಉಳಿದವು. ನಾನು ಓಡಿಹೋಗಿ ಹೇಳಿದೆ. ಅವರು ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ, "ಸರಿ, ಇನ್ನು ಕುಲಾವಿಗೆ ದಾರ ಪೋಣಿಸ್ಬೇಕು ನಾನು," ಎಂದು ಎದ್ದರು.

ಮರುದಿನ ಗುರುವಾರ. ಬಸ್ಸು ನಾಲ್ಕೂ ಹತ್ತಕ್ಕೆ. ಅನಸೂಯಮ್ಮ ಎಂದಿನಂತೆ ಮೂರೂವರೆಗೆ ಬಂದು ಅತ್ತೆಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತರು. ಸ್ಲೇಟಿನಲ್ಲಿ ಏನೋ ಬರೆದು ತೋರಿಸಿದರು. ಇಬ್ಬರೂ ನಕ್ಕರು. ಏನೆಂದು ನಮಗೆ ತೋರಿಸಲಿಲ್ಲ. ಆಮೇಲೆ ಪಾಠ ಶುರುವಾಯಿತು. ನಾನು ಟ್ರಂಕನ್ನು ಆಟೋಗೆ ಹಾಕಿ, ಅತ್ತೆಯನ್ನು ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ದಾರಿಯುದ್ದಕ್ಕೂ ಅತ್ತೆಯದು ಒಂದೇ ಸೋಜಿಗ.

"ವನಜನ ಊರಲ್ಲಿ ಯಾರಿಗೂ ಏನೂ ಗೊತ್ತಿಲ್ದೆ ಎಲ್ಲಾ ನಡಿಯತ್ತಂತೆ, ಹೌದಾ? ಫ್ಯಾನು, ಲಿಫ್ಟು, ಎಲ್ಲಾ?"

"ಹೌದಂತೆ ಅತ್ತೆ."

"ಅದೆಂಥ ಊರಪ್ಪಾ. ಹೆದರಿಕೆ ಆಗಲ್ವಾ ಅವರಿಗೆ?"

ಟ್ರಂಕು ಮೇಲೇರಿತು. ಅತ್ತೆ ಕಿಟಕಿ ಪಕ್ಕ ಕೂತು, ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ತಿರುಗಿದರು. ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು.

"ಶೇಷು. ನೀನು ಇಲ್ಲಿದೀಯ."

"ಹೂಂ ಅತ್ತೆ."

"ನಾನೂ ಇಲ್ಲಿದೀನಿ. ಅಲ್ಲಿ ಮನೇಲಿ ಯಾರಿದಾರೋ?"

ಮೂವತ್ತು ವರ್ಷದಿಂದ ಮನೆ ಬಿಟ್ಟು ಹೊರಬಂದಾಗ ನನ್ನ ಹಿಂದೆ ನಿಂತುಹೋಗುತ್ತಿದ್ದದ್ದು ಒಂದು ಗಡಿಯಾರ, ಒಂದು ಇಸ್ತ್ರಿಪೆಟ್ಟಿಗೆ. ಅದೇ ಅಭ್ಯಾಸದಲ್ಲಿ ಗೇಟು ದಾಟಿ ಬಂದಿದ್ದೆ.

"ಓಡು!" ಎಂದರು ಅತ್ತೆ. ಬಸ್ಸು ಹೊರಟಿತು. ಕಿಟಕಿಯಿಂದ ಅವರ ಕೈ ಹೊರಬಂದು ಬೀಸುತ್ತಿತ್ತು. ಅದು ವಿದಾಯವೋ, ಬೇಗ ಹೋಗೆಂಬ ಗದರಿಕೆಯೋ ತಿಳಿಯಲಿಲ್ಲ.

ಆಟೋ ಸಿಗಲಿಲ್ಲ. ಪೇಟೆ ಬೀದಿಯುದ್ದಕ್ಕೂ ಅರ್ಧ ಓಡಿ ಅರ್ಧ ನಡೆದು ಗಿರಣಿ ಬೀದಿಯ ತಿರುವಿಗೆ ಬಂದೆ. ಅನಸೂಯಮ್ಮನವರ ದನಿ ಸಾಮಾನ್ಯವಾಗಿ ಹೊಂಗೆ ಮರದ ತನಕ ಕೇಳಿಸುತ್ತದೆ. ಏನೂ ಕೇಳಿಸಲಿಲ್ಲ. ಅವರು ಎಷ್ಟು ಹೊತ್ತಿನಿಂದ ಆ ಮೌನದೆದುರು ಕೂತಿದ್ದಾರೋ ಎಂದು ನೆನೆದು ಮತ್ತೆ ಓಡಿದೆ. ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಎದುರಿನ ಗಿರಣಿಯೂ ಸುಮ್ಮನಿತ್ತು. ಪುಟ್ಟಸ್ವಾಮಪ್ಪನವರ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಬಲ್ಲವಳು ಇದ್ದಾಳೆ, ಗಿರಣಿ ಓಡುತ್ತಿಲ್ಲ.

"ಕರೆಂಟು ಹೋಗಿ ಹತ್ತು ನಿಮಿಷ ಆಯ್ತು ಮೇಷ್ಟ್ರೇ," ಎಂದಳು.

ಅವಳ ಮಾತು ಮುಗಿಯುವುದರೊಳಗೆ ಗಿರಣಿ ಗಡಗಡ ಎಂದಿತು. ಕರೆಂಟು ಬಂದಿತ್ತು. ನಾನು ಚಿಲಕದ ಮೇಲಿಂದ ಕೈ ತೆಗೆದೆ. ಈಗ ಒಳಗೆ ಕಾಲಿಟ್ಟರೆ, ನಾನಿಲ್ಲದೆ ಸರ್ವರ್ ಏಳುತ್ತದೆಯೇ ಎಂಬ ಪ್ರಯೋಗ ಕೆಡುತ್ತದೆ.

ಕಿಟಕಿಯಿಂದ ನಡುಮನೆ ಕಾಣಿಸುತ್ತಿತ್ತು. ಕಪಾಟಿನಲ್ಲಿ ಹಸಿರು ದೀಪ ಹತ್ತಿತು. ಕುಮುದ ಪರದೆಯ ಕಡೆ ಬಾಗಿದಳು, ಬಹುಶಃ ಪಾಠವನ್ನು ತಕ್ಷಣ ಹಚ್ಚಲು. ಅನಸೂಯಮ್ಮ ಎಡಗೈ ಎತ್ತಿ ಅವಳನ್ನು ತಡೆದರು. ಬಲಗೈ ತೊಡೆಯ ಮೇಲೆ ಬಿತ್ತು. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಪೆಟ್ಟು, ಹೊರಳು. ಪೆಟ್ಟು, ಹೊರಳು. ಆದಿತಾಳ, ಎಂಟು ಎಣಿಕೆ. ಕುಮುದ ಒಂದು ಕ್ಷಣ ನೋಡಿ, ತಾನೂ ಕೂತು, ಅವರ ಜೊತೆ ತಾಳ ಹಾಕತೊಡಗಿದಳು. ಎರಡನೆಯ ಆವರ್ತ. ಮೂರನೆಯದು. ಗೇಟಿನ ಕಂಬಿಯ ಮೇಲೆ ನನ್ನ ಬೆರಳೂ ಸೇರಿತು. ನಾಲ್ಕನೆಯದು. ಐದನೆಯ ಆವರ್ತದ ಕೊನೆಯ ಹೊರಳಿಗೆ ನಲವತ್ತಾಯಿತು. ಅನಸೂಯಮ್ಮ ಕುಮುದಳ ಕಡೆ ತಲೆಯಾಡಿಸಿದರು. ಕುಮುದ ಪರದೆಯ ಮೇಲೆ ಬೆರಳಿಟ್ಟಳು.

ಹೊಂಗೆ ಮರದ ತನಕ ಕೇಳಿಸುವ ದನಿ ನಿಂತಲ್ಲಿಂದಲೇ ಶುರುವಾಯಿತು.

ಬಲ್ಲವರು ಇಬ್ಬರಲ್ಲಿ ಯಾರು ಎಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಒಬ್ಬರನ್ನು ಐದು ನಿಮಿಷ ಹೊರಗೆ ಕರೆದರೆ ಸಾಕು. ಆ ಪ್ರಯೋಗವನ್ನು ನಾನು ಇವತ್ತಿನವರೆಗೂ ಮಾಡಿಲ್ಲ. ನೋಟ್‌ಬುಕ್ಕಿನಲ್ಲಿ ಆರನೆಯ ಕಾಲಂ ಎಳೆದು ಎರಡೂ ಹೆಸರು ಬರೆದಿದ್ದೇನೆ.

ಅಂದು ಕುಮುದ ಹಾಡಿನ ನಡುವೆ ನನ್ನನ್ನು ಕಂಡು ಕಿಟಕಿಗೆ ಬಂದಳು. "ಅಲ್ಲೇನ್ರೀ ಬಿಸಿಲಲ್ಲಿ ನಿಂತಿದೀರಾ? ಬಸ್ಸು ಹೋಯ್ತಾ? ಒಳಗೆ ಬನ್ನಿ."

"ಬರ್ತೀನಿ, ನೀನು ಹಾಡು," ಎಂದೆ. ಪಾಠ ಮುಗಿಯುವವರೆಗೂ ಗೇಟಿನ ಹೊರಗೇ ನಿಂತು ಕೇಳಿದೆ.